ಫ್ರಿಡಾ ಕಾಹ್ಲೋ ಬೀರುವಿನಲ್ಲಿ ಏನಿತ್ತು?

ಮೆಕ್ಸಿಕೋ ನಗರದ ಕೊಯೊವಕಾನ್ ಬಡಾವಣೆಯಲ್ಲಿ ನೀಲಿ ಬಣ್ಣದ ಮನೆಯೊಂದಿದೆ. 2004ರಲ್ಲಿ, ಹತ್ತಿರ ಹತ್ತಿರ ಐವತ್ತು ವರ್ಷ ಮುಚ್ಚಿದ್ದ ಅಲ್ಲಿನ ಸ್ನಾನದ ಮನೆಯ ಬಾಗಿಲು ತೆರೆಯಿತು. ಸಿಕ್ಕಿದ್ದು ಚಿನ್ನ ಬೆಳ್ಳಿಯ ನಿಧಿಯಲ್ಲ. ಕಸೂತಿ ಹಾಕಿದ ಕುಪ್ಪಸಗಳು, ನೆರಿಗೆಯ ಉದ್ದ ಲಂಗಗಳು, ಬೆನ್ನಿಗೆ ಬಿಗಿಯುವ ಕವಚಗಳು, ಔಷಧಿ ಸೀಸೆಗಳು, ಲಿಪ್‌ಸ್ಟಿಕ್, ಕೆಂಪು ಬೂಟು ತೊಡಿಸಿದ ಕೃತಕ ಕಾಲು. ಎಲ್ಲವೂ ಚಿತ್ರಕಲಾವಿದೆ ಫ್ರಿಡಾ ಕಾಹ್ಲೋ ದಿನವೂ ಬಳಸಿದ ವಸ್ತುಗಳು. ಆಕೆಯ ಗಂಡ, ಭಿತ್ತಿಚಿತ್ರಗಳಿಗೆ ಹೆಸರಾದ ಡಿಯೇಗೊ ರಿವೇರಾ, ತಾನು ತೀರಿಕೊಂಡ ಮೇಲೂ ಹದಿನೈದು ವರ್ಷ ಆ ಕೋಣೆ ತೆರೆಯಬಾರದೆಂದು ಹೇಳಿದ್ದ. ಮನೆಯ ಉಸ್ತುವಾರಿ ಹೊತ್ತಿದ್ದ ಡೊಲೊರೆಸ್ ಓಲ್ಮೆಡೊ ತಾವು ಬದುಕಿದ್ದಷ್ಟು ದಿನವೂ ತೆರೆಯಲಿಲ್ಲ.

ನಾನು ಕೆಲಸ ಮಾಡುವುದು ಪುಣೆಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ. ಕೂಡುಹುಬ್ಬಿನ, ಮುಡಿಗೆ ಹೂ ಮುಡಿದ ಫ್ರಿಡಾ ಮುಖ ಇಲ್ಲಿ ಕಾಫಿ ಮಗ್ಗಿನ ಮೇಲೆ, ಬಟ್ಟೆ ಚೀಲದ ಮೇಲೆ ದಿನವೂ ಕಾಣುತ್ತದೆ. ಆಕೆಯ ನೋವು, ಪ್ರೇಮದ ಕಥೆ ಹಲವರಿಗೆ ಗೊತ್ತು. ಊರು ಬಿಟ್ಟು ಬಂದಿರುವ ನನ್ನಂಥವನಿಗೆ ಹೆಚ್ಚು ಹತ್ತಿರವಾದದ್ದು ಆಕೆಯ ಬೀರು.

ಫ್ರಿಡಾ ಹುಟ್ಟಿದ್ದು 1907ರ ಜುಲೈ 6ರಂದು, ಅದೇ ಕೊಯೊವಕಾನ್‌ನಲ್ಲಿ. ತಂದೆ ಗಿಲ್ಲೆರ್ಮೊ ಜರ್ಮನಿಯಿಂದ ವಲಸೆ ಬಂದ ಫೋಟೊಗ್ರಾಫರ್. ತಾಯಿ ಮತಿಲ್ದೆ ಮೆಕ್ಸಿಕೋದ ದಕ್ಷಿಣ ಭಾಗದ ವಹಾಕಾದವರು. ಆರನೇ ವಯಸ್ಸಿನಲ್ಲಿ ಪೋಲಿಯೊ ಬಂದು ಬಲಗಾಲು ಸಣಕಲಾಯಿತು. ಡಾಕ್ಟರ್ ಆಗಬೇಕೆಂದಿದ್ದ ಹುಡುಗಿ 1925ರ ಸೆಪ್ಟೆಂಬರ್ 17ರಂದು ಕುಳಿತಿದ್ದ ಬಸ್ಸಿಗೆ ಟ್ರಾಮ್ ಗುದ್ದಿತು. ಕಬ್ಬಿಣದ ಕಂಬಿ ಸೊಂಟವನ್ನು ಹಾದುಹೋಯಿತು, ಬೆನ್ನುಮೂಳೆ ಮುರಿಯಿತು. ತಿಂಗಳುಗಟ್ಟಲೆ ಮಲಗಿದ ಮಗಳಿಗೆ ತಾಯಿ ಮಂಚದ ಮೇಲೆಯೇ ಚಿತ್ರ ಬಿಡಿಸುವಂತೆ ಚೌಕಟ್ಟು ಮಾಡಿಸಿಕೊಟ್ಟರು. ತಲೆಯ ಮೇಲೆ ಕನ್ನಡಿ ಕಟ್ಟಿಸಿದರು. ಬಣ್ಣಗಳು ತಂದೆಯವು. ಕನ್ನಡಿಯಲ್ಲಿ ಕಂಡ ಮುಖವನ್ನೇ ಬರೆಯುತ್ತಾ ಹೋದ ಆಕೆ ಐವತ್ತಕ್ಕೂ ಹೆಚ್ಚು ಸ್ವಂತ ಭಾವಚಿತ್ರಗಳನ್ನು ಬಿಟ್ಟುಹೋದಳು.

1929ರಲ್ಲಿ ಡಿಯೇಗೊ ಜೊತೆ ಮದುವೆಯಾಯಿತು. ಆ ಹೊತ್ತಿಗೆ ಆಕೆ ವಹಾಕಾ ಭಾಗದ ತೆಹುವಾನಾ ಉಡುಪನ್ನು ತನ್ನದಾಗಿಸಿಕೊಳ್ಳತೊಡಗಿದ್ದಳು. ಸಂತೆಯ ವ್ಯಾಪಾರ ತಮ್ಮ ಕೈಯಲ್ಲೇ ಇಟ್ಟುಕೊಂಡ ಗಟ್ಟಿಗಿತ್ತಿಯರೆಂದು ಹೆಸರಾದ ಹೆಂಗಸರ ಉಡುಪು ಅದು. ಉದ್ದ ಲಂಗ ಸಣಕಲು ಕಾಲನ್ನು ಮರೆಮಾಡುತ್ತಿತ್ತು. ಸೊಂಟ ಬಿಗಿಯದ ಚೌಕ ಕುಪ್ಪಸದೊಳಗೆ ಬೆನ್ನಿನ ಕವಚ ಅಡಗುತ್ತಿತ್ತು. ಅದೇ ಹೊತ್ತಿಗೆ ತಾಯಿಯ ಸೀಮೆ ಯಾವುದು, ತಾನು ಯಾವ ದೇಶದವಳು ಎಂಬುದು ನೋಡಿದವರಿಗೆ ಗೊತ್ತಾಗುತ್ತಿತ್ತು. ಏನನ್ನು ಮುಚ್ಚಬೇಕು, ಏನನ್ನು ಸಾರಬೇಕು ಎಂಬ ಎರಡೂ ತೀರ್ಮಾನ ಒಂದೇ ಬಟ್ಟೆಯಲ್ಲಿತ್ತು. ಹಾಗೆಂದು ಆಕೆ ಶುದ್ಧ ಸಂಪ್ರದಾಯಕ್ಕೆ ಕಟ್ಟುಬಿದ್ದವಳಲ್ಲ. ಬೀರುವಿನಲ್ಲಿ ಚೀನಾದ ಕಸೂತಿಯೂ ಇತ್ತು, ಯುರೋಪಿನ ಲೇಸೂ ಇತ್ತು. 1926ರ ಕುಟುಂಬದ ಫೋಟೊದಲ್ಲಿ ಗಂಡಸರ ಸೂಟು ತೊಟ್ಟು ನಿಂತಿದ್ದಾಳೆ.

1930ರಲ್ಲಿ ಗಂಡನ ಕೆಲಸದ ಬೆನ್ನಿಗೆ ಅಮೆರಿಕಕ್ಕೆ ಹೋಗಬೇಕಾಯಿತು. ಸ್ಯಾನ್ ಫ್ರಾನ್ಸಿಸ್ಕೊ, ಡೆಟ್ರಾಯಿಟ್, ನ್ಯೂಯಾರ್ಕ್. ಆ ಬೀದಿಗಳಲ್ಲೂ ಆಕೆ ಲಂಗ, ಶಾಲುಗಳಲ್ಲೇ ಓಡಾಡಿದಳು. 1932ರಲ್ಲಿ ಡೆಟ್ರಾಯಿಟ್‌ನಲ್ಲಿ ಗರ್ಭ ನಿಲ್ಲಲಿಲ್ಲ. ಆ ದುಃಖಕ್ಕೆ ಆಕೆ ಆರಿಸಿದ್ದು ಲೋಹದ ಸಣ್ಣ ತಗಡು. ಮೆಕ್ಸಿಕೋದಲ್ಲಿ ಹರಕೆ ತೀರಿದವರು ಚರ್ಚಿಗೆ ಒಪ್ಪಿಸುವ ತಗಡಿನ ಚಿತ್ರಗಳ ಮಾದರಿ ಅದು. ಅಂಥ ನೂರಾರು ಚಿತ್ರಗಳನ್ನು ಆಕೆ ಮನೆಯಲ್ಲಿ ಕೂಡಿಟ್ಟಿದ್ದಳು. ಮರುವರ್ಷ ನ್ಯೂಯಾರ್ಕ್‌ನಲ್ಲಿ ಬರೆದ ಇನ್ನೊಂದು ಚಿತ್ರದಲ್ಲಿ ಗಗನಚುಂಬಿ ಕಟ್ಟಡಗಳಿವೆ, ಒಂದು ಕಂಬದ ಮೇಲೆ ಕಮೋಡು, ಇನ್ನೊಂದರ ಮೇಲೆ ಟ್ರೋಫಿ. ಕೆಳಗೆ ಜನಜಂಗುಳಿಯ ಮುದ್ರಿತ ಫೋಟೊಗಳನ್ನು ಕತ್ತರಿಸಿ ಅಂಟಿಸಿದ್ದಾಳೆ. ನಡುವೆ ತೂಗುಬಿದ್ದಿರುವುದು ಆಕೆಯ ತೆಹುವಾನಾ ಉಡುಪು. ಉಟ್ಟವಳು ಮಾತ್ರ ಚಿತ್ರದಲ್ಲಿಲ್ಲ. ಪರವೂರಿನಲ್ಲಿ ಬಾಡಿಗೆ ಮನೆ ಮಾಡಿದವರಿಗೆ ಈ ಚಿತ್ರವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

1939ರಲ್ಲಿ ವಿಚ್ಛೇದನವಾಯಿತು. ಮರುವರ್ಷದ ಭಾವಚಿತ್ರದಲ್ಲಿ ಆಕೆ ಲಂಗ ಬಿಟ್ಟು ದೊಗಳೆ ಸೂಟು ತೊಟ್ಟು, ಕೈಯಲ್ಲಿ ಕತ್ತರಿ ಹಿಡಿದು ಕುಳಿತಿದ್ದಾಳೆ. ಕತ್ತರಿಸಿದ ಕೂದಲು ಸುತ್ತಲೂ ಬಿದ್ದಿದೆ. ಅದೇ 1940ರ ಡಿಸೆಂಬರ್‌ನಲ್ಲಿ ಇಬ್ಬರೂ ಮತ್ತೆ ಮದುವೆಯಾದರು. ನೀಲಿ ಮನೆಯ ಅಡುಗೆಮನೆಯ ಗೋಡೆಯಲ್ಲಿ ಪುಟ್ಟ ಮಣ್ಣಿನ ಕುಡಿಕೆಗಳನ್ನು ಜೋಡಿಸಿ ಬರೆದ ಇಬ್ಬರ ಹೆಸರು ಇಂದಿಗೂ ಇದೆ.

ಕೊನೆಯ ವರ್ಷಗಳಲ್ಲಿ ದೇಹ ಸೋಲುತ್ತಾ ಬಂತು. ಬೆನ್ನಿಗೆ ಹಾಕಿದ ಪ್ಲಾಸ್ಟರ್ ಕವಚಗಳನ್ನೂ ಆಕೆ ಸುಮ್ಮನೆ ಬಿಡಲಿಲ್ಲ. ಅವುಗಳ ಮೇಲೆ ಕುಡುಗೋಲು ಸುತ್ತಿಗೆ, ಹುಟ್ಟದ ಮಗುವಿನ ಚಿತ್ರ ಬರೆದಳು. ದಿನಚರಿಯ ಹಾಳೆಗಳನ್ನು ಬಣ್ಣದ ಶಾಯಿಯಿಂದ ತುಂಬಿದಳು. 1953ರಲ್ಲಿ ಮೆಕ್ಸಿಕೋದಲ್ಲಿ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆದಾಗ ಎದ್ದು ನಿಲ್ಲಲಾಗದೆ ಆಂಬುಲೆನ್ಸ್‌ನಲ್ಲಿ ಬಂದು, ಗ್ಯಾಲರಿಯಲ್ಲಿ ಹಾಕಿಸಿದ್ದ ತನ್ನದೇ ಮಂಚದ ಮೇಲೆ ಮಲಗಿ ಅತಿಥಿಗಳನ್ನು ಎದುರುಗೊಂಡಳು. ಅದೇ ವರ್ಷ ಬಲಗಾಲನ್ನು ಮಂಡಿಯ ಕೆಳಗೆ ತೆಗೆದರು. ಮರದ ಕಾಲಿಗೆ ಆಕೆ ತೊಡಿಸಿದ್ದು ಕಸೂತಿಯಿದ್ದ, ಗೆಜ್ಜೆ ಕಟ್ಟಿದ ಕೆಂಪು ಬೂಟು. 1954ರ ಜುಲೈ 13ರಂದು, ನಲವತ್ತೇಳನೇ ವಯಸ್ಸಿನಲ್ಲಿ, ನೀಲಿ ಮನೆಯಲ್ಲೇ ತೀರಿಕೊಂಡಳು. 1958ರಲ್ಲಿ ಮನೆ ಮ್ಯೂಸಿಯಂ ಆಯಿತು. 2018ರಲ್ಲಿ ಆ ಬಟ್ಟೆಬರೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೂ ಹೋಗಿಬಂತು.

ನಮ್ಮ ಆಫೀಸುಗಳಲ್ಲಿ ವರ್ಷಕ್ಕೊಮ್ಮೆ ಎಥ್ನಿಕ್ ಡೇ ಬರುತ್ತದೆ. ಅಂದು ಇಳಕಲ್ ಸೀರೆ, ಪಂಚೆ ಹೊರಬಂದು, ಫೋಟೊ ತೆಗೆಸಿಕೊಂಡು, ಸಂಜೆಗೆ ಮತ್ತೆ ಪೆಟ್ಟಿಗೆ ಸೇರುತ್ತವೆ. ಊರಿಂದ ತಂದ ಚನ್ನಪಟ್ಟಣದ ಗೊಂಬೆ ಶೋಕೇಸಿನಲ್ಲಿ ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿ ಕೂರುತ್ತದೆ. ಫ್ರಿಡಾ ಹಬ್ಬಕ್ಕೆಂದು ಒಂದನ್ನು ಎತ್ತಿಡಲಿಲ್ಲ. ಉಟ್ಟಳು, ಹರಿದಳು, ಹೊಲಿದಳು, ಬಣ್ಣ ಬಳಿದಳು. ಆ ಬೀರುವಿನ ಬಟ್ಟೆಗಳಲ್ಲಿ ಕೆಲವಕ್ಕೆ ಇಂದಿಗೂ ಬಣ್ಣದ ಕಲೆ ಅಂಟಿದೆ. ನಾವು ಯಾರು ಎಂಬುದನ್ನು ವಸ್ತುಗಳು ಹೇಳುವುದು ನಿಜ. ಆದರೆ ಬಳಸಿ ಸವೆಸಿದವು ಮಾತ್ರ ಹೇಳುತ್ತವೆ.