ಸೈಕಲ್ ಬಾಡಿಗೆ ಕೊಟ್ಟು ಸ್ಟ್ರೈಕರ್‌ನನ್ನು ಬೆಳೆಸಿದ ಮಾಸ್ತರ್: ನಮ್ಮ ಹಳೇ ಹೈದರಾಬಾದ್ ರಾಜ್ಯದ ರಹೀಂ ಸಾಬ್

ಬೀದರ್: 1956ರ ನವೆಂಬರ್ 1ರಂದು ಬೀದರ್, ಭಾಲ್ಕಿ, ಔರಾದ್ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದವು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತದ ಫುಟ್‌ಬಾಲ್ ತಂಡ ಆಸ್ಟ್ರೇಲಿಯಾವನ್ನು ಅವರದೇ ನೆಲದಲ್ಲಿ 4-2ರಿಂದ ಸೋಲಿಸಿ ಸೆಮಿಫೈನಲ್‌ಗೆ ಹೋಯ್ತು. ಏಷ್ಯಾದ ಯಾವ ತಂಡವೂ ಒಲಿಂಪಿಕ್ಸ್‌ನಲ್ಲಿ ಅಲ್ಲಿವರೆಗೆ ಅಷ್ಟು ದೂರ ಮುಟ್ಟಿರಲಿಲ್ಲ. ಆ ತಂಡವನ್ನು ತಯಾರು ಮಾಡಿದವರು ನಾವು ತಿಂಗಳ ಹಿಂದಷ್ಟೇ ಬಿಟ್ಟು ಬಂದ ರಾಜಧಾನಿಯ ಒಬ್ಬ ಶಾಲಾ ಮಾಸ್ತರ್. ಹೆಸರು ಸೈಯದ್ ಅಬ್ದುಲ್ ರಹೀಂ. ಎಲ್ಲರ ಬಾಯಲ್ಲಿ ರಹೀಂ ಸಾಬ್.

2024ರಲ್ಲಿ ಬಂದ ಅಜಯ್ ದೇವಗನ್ ಅವರ ಮೈದಾನ್ ಸಿನಿಮಾ ನೋಡಿದವರಿಗೆ ಈ ಹೆಸರು ಗೊತ್ತು. ಆದ್ರೆ ಅವರು ನಮ್ಮದೇ ಹಳೇ ರಾಜ್ಯದವರು ಅನ್ನೋದು ನಮ್ಮ ಕಡೆ ಎಷ್ಟೋ ಜನರಿಗೆ ತಿಳಿದಿಲ್ಲ.

ರಹೀಂ ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದ್‌ನಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದುವಾಗಲೇ ಒಳ್ಳೆ ಆಟಗಾರ. ಓದು ಮುಗಿದ ಮೇಲೆ ಹಿಡಿದದ್ದು ಮಾಸ್ತರಿಕೆ. ಮುಂದೆ ದೈಹಿಕ ಶಿಕ್ಷಣದ ಡಿಪ್ಲೊಮಾ ಮಾಡಿಕೊಂಡು ಶಾಲೆಯಲ್ಲಿ ಆಟೋಟದ ಜವಾಬ್ದಾರಿಯನ್ನೂ ಹೊತ್ತರು. 1940ರ ದಶಕದಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದವರು ಸಾಯುವ ತನಕ ಆ ಕೆಲಸ ಬಿಡಲಿಲ್ಲ.

ಆಗಿನ ಫುಟ್‌ಬಾಲ್ ಆಟಗಾರರ ಹೊಟ್ಟೆಪಾಡು ಹೆಂಗಿತ್ತು ಅಂದ್ರೆ, ಇವತ್ತಿನ ಹಂಗೆ ಕೋಟಿ ರೂಪಾಯಿ ಕರಾರು ಇರಲಿಲ್ಲ. ಪೊಲೀಸ್ ಇಲಾಖೆಯಲ್ಲೋ, ರೈಲ್ವೆಯಲ್ಲೋ ಒಂದು ನೌಕರಿ ಸಿಕ್ಕರೆ ಅದೇ ದೊಡ್ಡದು. ಆಟ ಚೆನ್ನಾಗಿದ್ದವರು ಕಲ್ಕತ್ತಾದ ದೊಡ್ಡ ಕ್ಲಬ್‌ಗಳಿಗೆ ಹೋಗೋರು. ಹಿಂಗೆ ನೌಕರಿ ಮಾಡುತ್ತ ಆಡುವವರ ತಂಡವೇ ಹೈದರಾಬಾದ್ ಸಿಟಿ ಪೊಲೀಸ್. 1950ರಲ್ಲಿ ರಹೀಂ ಇದರ ಕೋಚ್ ಆದರು. ಅದೇ ವರ್ಷದಿಂದ 1954ರ ತನಕ, ಐದು ವರ್ಷ ಸತತವಾಗಿ, ಬಾಂಬೆಯ ರೋವರ್ಸ್ ಕಪ್ ಈ ಪೊಲೀಸರ ಕೈಯಲ್ಲೇ ಇತ್ತು.

ಗುಟ್ಟು ಏನಪ್ಪ ಅಂದ್ರೆ, ಅವರ ಮಾಸ್ತರಿಕೆ. ಡ್ರಿಬಲ್ ಮಾಡಲೇಬಾರದು, ಬರೀ ಪಾಸ್ ಕೊಡಬೇಕು ಅನ್ನೋ ನಿಯಮದ ಪಂದ್ಯಾವಳಿ ನಡೆಸಿದರು. ಬಲಗಾಲಿನವರು ಎಡಗಾಲಲ್ಲೇ ಆಡಬೇಕು ಅಂತ ಇನ್ನೊಂದು. ಒಬ್ಬನೇ ಚೆಂಡು ಹಿಡಿದುಕೊಂಡು ಮೆರೆಯೋದು ಬಿಟ್ಟು, ಜಾಗ ನೋಡಿ ಓಡೋದನ್ನ ಹುಡುಗರು ಕಲಿತರು.

ಸಿಕಂದರಾಬಾದ್ ಹತ್ತಿರದ ಅಮ್ಮುಗುಡದ ಬಡ ಮನೆಯ ಹುಡುಗ ತುಳಸಿದಾಸ್ ಬಲರಾಮ್ ಇವರ ಕಣ್ಣಿಗೆ ಬಿದ್ದದ್ದು ಆ ದಿನಗಳಲ್ಲೇ. ಅಭ್ಯಾಸಕ್ಕೆ ದಿನಾ ಹೈದರಾಬಾದ್‌ಗೆ ಬಂದು ಹೋಗೋಕೆ ಅವನ ಹತ್ತಿರ ರೊಕ್ಕ ಇರಲಿಲ್ಲ. ಸೈಕಲ್ ಬಾಡಿಗೆಗೆ ರಹೀಂ ಸಾಬ್ ಹಣ ಕೊಟ್ಟರು. ಆ ಹುಡುಗ ಮೆಲ್ಬರ್ನ್ ತಂಡದಲ್ಲಿದ್ದ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಹಂಗೇರಿ ಮೇಲೆ, ಪೆರು ಮೇಲೆ ಗೋಲು ಹೊಡೆದ. ಈಸ್ಟ್ ಬೆಂಗಾಲ್‌ಗೆ ವರ್ಷಗಟ್ಟಲೆ ಆಡಿ ಅರ್ಜುನ ಪ್ರಶಸ್ತಿ ಪಡೆದ.

ರಹೀಂ ಅವರಿಗೆ ಬರೀ ಗೆಲುವೇ ಸಿಕ್ಕಿತು ಅಂತಲ್ಲ. 1951ರ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ, ದೆಹಲಿಯಲ್ಲಿ, ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಇರಾನ್ ವಿರುದ್ಧ ಚಿನ್ನ ಬಂತು. ಮರುವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸ್. ಅಲ್ಲಿನ ಚಳಿಯಲ್ಲಿ ನಮ್ಮವರು ಕೆಲವರು ಬರಿಗಾಲಲ್ಲೇ ಆಡಿದರು. ಯುಗೊಸ್ಲಾವಿಯಾ 10-1ರಿಂದ ಬಡಿಯಿತು. ಅದಾದ ಮೇಲೆ ಬೂಟು ಕಡ್ಡಾಯವಾಯ್ತು. ನಾಲ್ಕೇ ವರ್ಷದಲ್ಲಿ ಮೆಲ್ಬರ್ನ್. ಅಲ್ಲಿ ಬಾಂಬೆಯ ಸೆಂಟರ್ ಫಾರ್ವರ್ಡ್ ನೆವಿಲ್ ಡಿಸೋಜಾ ಆಸ್ಟ್ರೇಲಿಯಾ ಮೇಲೆ ಮೂರು ಗೋಲು ಬಾರಿಸಿದರು. ಆ ತಂಡದಲ್ಲಿ ಹೈದರಾಬಾದ್ ಹುಡುಗರ ಜತೆ ನಮ್ಮ ಕನ್ನಡದ ಹೆಸರೂ ಒಂದಿತ್ತು, ಹಾಫ್‌ಬ್ಯಾಕ್ ಎಂ. ಕೆಂಪಯ್ಯ. ಕೊನೆಗೆ ಸಿಕ್ಕಿದ್ದು ನಾಲ್ಕನೇ ಸ್ಥಾನ.

1962ರ ಜಕಾರ್ತಾ ಏಷ್ಯನ್ ಗೇಮ್ಸ್ ಅವರ ಕೊನೆಯ ದೊಡ್ಡ ಪರೀಕ್ಷೆ. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಕೈಲಿ 2-0 ಸೋಲು. ಥಾಯ್ಲೆಂಡ್ ಮೇಲೆ ಗೆದ್ದರೂ ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿತ್ತು. ಬೇರೆ ಕೋಚ್ ಆಗಿದ್ರೆ ಅವರನ್ನ ಕೂರಿಸ್ತಿದ್ರೇನೋ. ರಹೀಂ ಸೆಮಿಫೈನಲ್‌ಗೆ ಅದೇ ಜರ್ನೈಲ್‌ರನ್ನು ಸೆಂಟರ್ ಫಾರ್ವರ್ಡ್ ಜಾಗಕ್ಕೆ ಹಾಕಿದರು. ಅವರು ಸೆಮಿಫೈನಲ್‌ನಲ್ಲೂ ಗೋಲು ಹೊಡೆದರು, ಫೈನಲ್‌ನಲ್ಲೂ ಹೊಡೆದರು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಎದುರಿಗೆ ಮತ್ತೆ ಅದೇ ಕೊರಿಯಾ, ಸುತ್ತ ಸುಮಾರು 1 ಲಕ್ಷ ಜನ. ಇಸ್ರೇಲ್, ತೈವಾನ್ ತಂಡಗಳಿಗೆ ಬರಲು ಬಿಡದಿದ್ದಕ್ಕೆ ಭಾರತದ ಕ್ರೀಡಾ ಅಧಿಕಾರಿಯೊಬ್ಬರು ಆಕ್ಷೇಪ ಎತ್ತಿದ್ದರಿಂದ ಅಲ್ಲಿನ ಜನ ಭಾರತದ ಮೇಲೆ ಸಿಟ್ಟಾಗಿದ್ದರು. ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು. ಭಾರತ 2-1.

ಮುಂದಿನ ವರ್ಷ, 1963ರ ಜೂನ್ 11ರಂದು, ರಹೀಂ ಸಾಬ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ವಯಸ್ಸು 53. ಅದೇ ವರ್ಷ ಬಲರಾಮ್ ಕೂಡ ಕಾಯಿಲೆಯಿಂದ ಆಟ ಬಿಡಬೇಕಾಯ್ತು, ಇನ್ನೂ 27ರ ಆಸುಪಾಸಿನಲ್ಲಿ. ಕೈ ಹಿಡಿದದ್ದು ರೈಲ್ವೆ ನೌಕರಿ. 1962ರ ನಂತರ ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಭಾರತಕ್ಕೆ ಚಿನ್ನ ಬಂದೇ ಇಲ್ಲ.

ರಹೀಂ ಅವರ ಮಗ ಸೈಯದ್ ಶಾಹಿದ್ ಹಕೀಂ ಸಹ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದವರು, ಮುಂದೆ ಅಂತರರಾಷ್ಟ್ರೀಯ ರೆಫರಿ ಆದವರು. ಅವರು 2021ರ ಆಗಸ್ಟ್ 22ರಂದು ಕೊನೆಯುಸಿರೆಳೆದದ್ದು ನಮ್ಮ ಪಕ್ಕದ ಕಲಬುರಗಿಯಲ್ಲೇ.

ಬೀದರ್‌ನ ನೆಹರೂ ಕ್ರೀಡಾಂಗಣದಲ್ಲೋ, ಭಾಲ್ಕಿ, ಔರಾದ್‌ನ ಶಾಲಾ ಮೈದಾನದಲ್ಲೋ ಚೆಂಡಿನ ಹಿಂದೆ ಓಡುವ ಹುಡುಗರನ್ನ ನೋಡಿದಾಗ ಇದನ್ನ ನೆನಪಿಟ್ಟುಕೊಳ್ಳಬೇಕು. ಬಲರಾಮ್‌ಗೆ ಆಟ ಮೊದಲೇ ಬರ್ತಿತ್ತು. ಮೈದಾನಕ್ಕೆ ಬರೋಕೆ ಸೈಕಲ್ ಇರಲಿಲ್ಲ, ಅಷ್ಟೇ. ಅದನ್ನ ಗಮನಿಸಿದವರು ಒಬ್ಬ ಮಾಸ್ತರ್. ನಮ್ಮ ಊರಲ್ಲೂ ಒಂದು ಜೊತೆ ಬೂಟು ಇಲ್ಲದ್ದಕ್ಕೋ, ಬಸ್ ಚಾರ್ಜ್ ಇಲ್ಲದ್ದಕ್ಕೋ ಆಟ ಬಿಟ್ಟ ಹುಡುಗ ಇದ್ದರೆ, ಅವನನ್ನ ಕೇಳಿ ನೋಡೋದು ಪಿಟಿ ಮಾಸ್ತರ ಕೆಲಸವೂ ಹೌದು, ಬಜಾರಿನ ನಮ್ಮೆಲ್ಲರ ಕೆಲಸವೂ ಹೌದು.