ರಾಷ್ಟ್ರಪಿತರಾದ ಧರ್ಮಗುರು, ರೋಮ್ ಒಪ್ಪದ ಬಿಷಪ್: ವಂದನೀಯ ಹೊಸೆ ಮತಿಯಾಸ್ ದೆಲ್ಗಾದೊ

ಪ್ರತಿ ವರ್ಷ ಸಪ್ಟೆಂಬರ್ 15ರಂದು ಮಧ್ಯ ಅಮೇರಿಕದ ಐದು ದೇಶಗಳು ಒಂದೇ ದಿನ ಸ್ವಾತಂತ್ರ್ಯೋತ್ಸವ ಆಚರಿಸುತ್ತವೆ. ಗ್ವಾಟೆಮಾಲ, ಹೊಂಡುರಾಸ್, ಎಲ್ ಸಾಲ್ವಡಾರ್, ನಿಕರಾಗುವ ಮತ್ತು ಕೋಸ್ಟರಿಕಾ. 1821ರಲ್ಲಿ ಗ್ವಾಟೆಮಾಲ ನಗರದಲ್ಲಿ ಸಿದ್ಧವಾದ ಸ್ವಾತಂತ್ರ್ಯ ಪತ್ರವೇ ಈ ಆಚರಣೆಗೆ ಮೂಲ. ಆ ಪತ್ರಕ್ಕೆ ಸಹಿ ಹಾಕಿದವರಲ್ಲಿ ಒಬ್ಬ ಧರ್ಮಗುರುಗಳಿದ್ದರು. ಎಲ್ ಸಾಲ್ವಡಾರ್ ಜನತೆ ಅವರನ್ನು ಇಂದಿಗೂ ರಾಷ್ಟ್ರಪಿತ ಎಂದು ಗೌರವಿಸುತ್ತದೆ. ಆದರೆ ಅದೇ ಗುರುಗಳಿಗೆ ಪೋಪ್ ಜಗದ್ಗುರುಗಳಿಂದ ಬಹಿಷ್ಕಾರದ ಎಚ್ಚರಿಕೆಯೂ ಬಂದಿತ್ತು. ಅವರ ಜೀವನವನ್ನು ಬರೆಯುವವರು ಸಾಮಾನ್ಯವಾಗಿ ಈ ಎರಡರಲ್ಲಿ ಒಂದನ್ನು ಮಾತ್ರ ಹೇಳಿ ಮುಗಿಸುತ್ತಾರೆ. ನಾವು ಎರಡನ್ನೂ ಹೇಳಲು ಬಯಸುತ್ತೇವೆ.

ಎಲ್ ಸಾಲ್ವಡಾರ್ ಪುಟ್ಟ ದೇಶ. ವಿಸ್ತೀರ್ಣ ಸುಮಾರು 21,000 ಚದರ ಕಿಲೋಮೀಟರ್, ನಮ್ಮ ಕರ್ನಾಟಕದ ಒಂಬತ್ತನೇ ಒಂದು ಭಾಗ. ಹೆಸರಿನ ಅರ್ಥ ರಕ್ಷಕ, ಅಂದರೆ ಲೋಕರಕ್ಷಕ ಯೇಸುಸ್ವಾಮಿ. ಆಗಸ್ಟ್ 6ರ ಪ್ರಭುವಿನ ರೂಪಾಂತರದ ಹಬ್ಬ ಅಲ್ಲಿ ಸರಕಾರಿ ರಜಾದಿನ. ಹಿಂದಿನ ದಿನ ರಾಜಧಾನಿಯಲ್ಲಿ ಯೇಸುವಿನ ಪ್ರತಿಮೆಯ ಮೆರವಣಿಗೆ ನಡೆಯುತ್ತದೆ. ಕೊನೆಯಲ್ಲಿ ಪ್ರತಿಮೆಯನ್ನು ಭೂಗೋಳದ ಆಕಾರದೊಳಗೆ ಇಳಿಸಿ, ಬಿಳಿ ವಸ್ತ್ರದಲ್ಲಿ ಮೇಲೆತ್ತುವಾಗ ನೆರೆದ ಜನಸಾಗರ ಹರ್ಷೋದ್ಗಾರ ಮಾಡುತ್ತದೆ. ಇಂತಹ ನಾಡಿನಲ್ಲಿ ಸ್ವಾತಂತ್ರ್ಯದ ಮಾತು ಚರ್ಚಿನ ಅಂಗಳದಿಂದ ಹೊರಟದ್ದು ಆಶ್ಚರ್ಯವಲ್ಲ.

ಹೊಸೆ ಮತಿಯಾಸ್ ದೆಲ್ಗಾದೊ 1767ರ ಫೆಬ್ರವರಿ 24ರಂದು ಸಾನ್ ಸಾಲ್ವಡಾರ್ ನಗರದ ಅನುಕೂಲಸ್ಥ ಕುಟುಂಬದಲ್ಲಿ ಜನಿಸಿದರು. ಗ್ವಾಟೆಮಾಲದ ಗುರುಮಠದಲ್ಲಿ ಓದಿ, ಕಾನೂನು ಮತ್ತು ಧರ್ಮಸಭೆಯ ನಿಯಮಶಾಸ್ತ್ರಗಳನ್ನು ಕಲಿತು, ಗುರುದೀಕ್ಷೆ ಪಡೆದು, 1797ರಲ್ಲಿ ಹುಟ್ಟೂರಿನ ಧರ್ಮಕೇಂದ್ರಕ್ಕೇ ಗುರುಗಳಾಗಿ ಬಂದರು. ನಿಯಮಶಾಸ್ತ್ರ ಬಲ್ಲವರು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅವರು ಮಾಡಿದ್ದು ತಿಳಿಯದೆ ಮಾಡಿದ ತಪ್ಪಲ್ಲ.

ಆ ಕಾಲದಲ್ಲಿ ಸಾನ್ ಸಾಲ್ವಡಾರ್ ಪ್ರಾಂತ್ಯಕ್ಕೆ ಎಲ್ಲವೂ ಗ್ವಾಟೆಮಾಲದಿಂದಲೇ ಬರಬೇಕಿತ್ತು. ಅಧಿಕಾರಿ ಅಲ್ಲಿಂದ, ನ್ಯಾಯ ಅಲ್ಲಿಂದ, ಮಹಾಧರ್ಮಾಧ್ಯಕ್ಷರೂ ಅಲ್ಲಿಯೇ. ಇಲ್ಲಿನ ನೀಲಿ ಬಣ್ಣದ ಬೆಳೆಯ ಲಾಭ ಮತ್ತು ಚರ್ಚಿಗೆ ಸಲ್ಲುವ ದಶಮಾಂಶ ಮಾತ್ರ ಆ ಕಡೆಗೆ ಹೋಗುತ್ತಿತ್ತು.

1811ರಲ್ಲಿ ಮಾನುಯೆಲ್ ಅಗಿಲಾರ್ ಎಂಬ ಗುರುಗಳನ್ನು ಗ್ವಾಟೆಮಾಲದಲ್ಲಿ ಬಂಧಿಸಿದ ಸುದ್ದಿ ಬಂತು. ಅವರ ಸಹೋದರ, ಗುರು ನಿಕೊಲಾಸ್ ಅವರಿಗೂ ಅಲ್ಲಿಗೆ ಬರುವಂತೆ ಕರೆ ಹೋಯಿತು. ದೆಲ್ಗಾದೊ ಅವರ ಜೀವಕ್ಕೂ ಅಪಾಯವಿದೆಯೆಂಬ ಗುಲ್ಲು ಹಬ್ಬಿತು. ನವೆಂಬರ್ 5ರಂದು ಜನ ಬೀದಿಗಿಳಿದು, ಸ್ಪೇನಿನ ಅಧಿಕಾರಿಯನ್ನು ಪದಚ್ಯುತಗೊಳಿಸಿದರು. ಲಾ ಮೆರ್ಸೆದ್ ಚರ್ಚಿನ ಗಂಟೆ ಬಾರಿಸಿ ಜನರನ್ನು ಕರೆದವರು ದೆಲ್ಗಾದೊ ಎಂದು ಅಲ್ಲಿನ ಮಕ್ಕಳೆಲ್ಲ ಕಲಿಯುತ್ತಾರೆ. ಇದು ದಾಖಲೆಗಿಂತ ಪರಂಪರೆಯ ಮಾತು. ಆದರೂ ಆ ದಿನವನ್ನು ಸ್ವಾತಂತ್ರ್ಯದ ಮೊದಲ ಕೂಗು ಎಂದು ದೇಶ ಇಂದಿಗೂ ಸ್ಮರಿಸುತ್ತದೆ. ದಂಗೆ ಒಂದು ತಿಂಗಳೂ ನಿಲ್ಲಲಿಲ್ಲ. ಗ್ವಾಟೆಮಾಲದ ಆಡಳಿತ ಸೈನ್ಯದ ಬದಲು ಸಂಧಾನಕಾರರನ್ನು ಕಳುಹಿಸಿ ನಗರವನ್ನು ಶಾಂತಗೊಳಿಸಿತು. ದೆಲ್ಗಾದೊ ಅವರನ್ನು ಗ್ವಾಟೆಮಾಲಕ್ಕೆ ಕರೆಸಿಕೊಳ್ಳಲಾಯಿತು. ಅಲ್ಲಿದ್ದಾಗ ಅವರು ಗುರುಮಠದ ಮುಖ್ಯಸ್ಥರಾಗಿಯೂ ಪ್ರಾಂತೀಯ ಸಭೆಯ ಸದಸ್ಯರಾಗಿಯೂ ಸೇವೆ ಸಲ್ಲಿಸಿದರು.

1821ರ ಸಪ್ಟೆಂಬರ್ 15ರ ಸಹಿಯ ನಂತರ ಅವರು ಊರಿಗೆ ಮರಳಿ ಪ್ರಾಂತ್ಯದ ಆಡಳಿತ ವಹಿಸಿಕೊಂಡರು. ಸ್ಪೇನ್ ಹೋದ ಬೆನ್ನಿಗೇ ಮೆಕ್ಸಿಕೊದ ಚಕ್ರವರ್ತಿ ಇತುರ್ಬಿದೆ ಕೈಚಾಚಿದರು. 1822ರ ಜನವರಿಯಲ್ಲಿ ಗ್ವಾಟೆಮಾಲ ಒಪ್ಪಿತು, ಸಾನ್ ಸಾಲ್ವಡಾರ್ ಒಪ್ಪಲಿಲ್ಲ. ಈ ಪ್ರತಿರೋಧದ ನಡುವೆಯೇ ನೀಲಿ-ಬಿಳಿ-ನೀಲಿ ಧ್ವಜ ಹುಟ್ಟಿತು. ದೆಲ್ಗಾದೊ ಅವರ ಬಂಧು, ಸೇನಾನಿ ಮಾನುಯೆಲ್ ಹೊಸೆ ಆರ್ಸೆಯವರ ಪತ್ನಿ ಮತ್ತು ಸಹೋದರಿ ಅದನ್ನು ಹೊಲಿದರೆಂದೂ, 1822ರ ಫೆಬ್ರವರಿಯಲ್ಲಿ ದೆಲ್ಗಾದೊ ಅದನ್ನು ಆಶೀರ್ವದಿಸಿದರೆಂದೂ ಹೇಳುತ್ತಾರೆ. ಮರುವರ್ಷ ಫೆಬ್ರವರಿಯಲ್ಲಿ ಮೆಕ್ಸಿಕೊದ ಸೈನ್ಯ ನಗರವನ್ನು ಹಿಡಿಯಿತು. ಆದರೆ ಕೆಲವೇ ವಾರಗಳಲ್ಲಿ ಚಕ್ರವರ್ತಿಯೇ ಸಿಂಹಾಸನ ಕಳೆದುಕೊಂಡರು.

1823ರ ಜೂನ್ 24ರಂದು, ಸ್ನಾನಿಕ ಯೊವಾನ್ನರ ಹಬ್ಬದ ದಿನ, ಮಧ್ಯ ಅಮೇರಿಕದ ಸಂವಿಧಾನ ಸಭೆ ಸೇರಿತು. ಅಧ್ಯಕ್ಷ ಪೀಠದಲ್ಲಿ ದೆಲ್ಗಾದೊ. ಜುಲೈ 1ರಂದು ಆ ಸಭೆ ಸ್ಪೇನ್, ಮೆಕ್ಸಿಕೊ ಎರಡರಿಂದಲೂ ಸಂಪೂರ್ಣ ಬಿಡುಗಡೆ ಘೋಷಿಸಿತು. ಅದೇ ಸಭೆ ನೀಲಿ-ಬಿಳಿ ಧ್ವಜವನ್ನೂ ಐದು ಜ್ವಾಲಾಮುಖಿಗಳ ಲಾಂಛನವನ್ನೂ ಅಂಗೀಕರಿಸಿತು, ಮರುವರ್ಷ ಗುಲಾಮಗಿರಿಯನ್ನು ರದ್ದುಮಾಡಿತು. ಗುಲಾಮರ ಪರವಾಗಿ ಎದ್ದು ನಿಂತವರೂ ಒಬ್ಬ ಧರ್ಮಗುರುಗಳೇ, ಹೊಸೆ ಸಿಮೆಯೊನ್ ಕಾನ್ಯಾಸ್.

ಇಷ್ಟಕ್ಕೇ ನಿಲ್ಲಿಸಿದರೆ ಇದೊಂದು ಸುಂದರ ಜೀವನ ಚರಿತ್ರೆ. ಆದರೆ ಬಿಷಪ್ ಪೀಠದ ಕಥೆ ಉಳಿದಿದೆ.

ತಮ್ಮ ನಾಡಿಗೆ ಪ್ರತ್ಯೇಕ ಧರ್ಮಪ್ರಾಂತ್ಯ ಬೇಕೆಂಬುದು ಸಾನ್ ಸಾಲ್ವಡಾರ್ ಜನರ ನ್ಯಾಯವಾದ ಬೇಡಿಕೆಯಾಗಿತ್ತು. ಬೆಟ್ಟಗುಡ್ಡ ದಾಟಿ ದೂರದ ಮಹಾಧರ್ಮಾಧ್ಯಕ್ಷರ ಭೇಟಿಗಾಗಿ ಕಾಯುವ ಭಕ್ತರ ಕಷ್ಟ ನಮಗೆ ಅರ್ಥವಾಗುತ್ತದೆ. ಸ್ಪೇನಿನ ರಾಜನಿಗೆ ಬಿಷಪರನ್ನು ಸೂಚಿಸುವ ಹಕ್ಕನ್ನು ರೋಮ್ ಹಿಂದೆಯೇ ನೀಡಿತ್ತು. ನಮ್ಮ ಕರಾವಳಿಯ ಧರ್ಮಸಭೆಯ ಚರಿತ್ರೆ ಬಲ್ಲವರಿಗೆ ಪೋರ್ಚುಗೀಸರ ಪದ್ರೊವಾದೊ ಹಕ್ಕು ಗೊತ್ತು, ಇದೂ ಅಂತಹದೇ. ರಾಜ ಹೋದ ಮೇಲೆ ಆ ಹಕ್ಕು ಹೊಸ ಸರಕಾರಕ್ಕೆ ಬಂತೆಂದು ಸಾನ್ ಸಾಲ್ವಡಾರ್ ವಾದಿಸಿತು. 1822ರಲ್ಲೇ ಪ್ರಾಂತ್ಯದ ಸರಕಾರ ಧರ್ಮಪ್ರಾಂತ್ಯ ಘೋಷಿಸಿ ದೆಲ್ಗಾದೊ ಅವರನ್ನು ಬಿಷಪ್ ಎಂದು ಹೆಸರಿಸಿತ್ತು. 1824ರ ಮೇ ತಿಂಗಳಲ್ಲಿ ರಾಜ್ಯದ ಶಾಸನ ಸಭೆ ಅದನ್ನು ದೃಢೀಕರಿಸಿತು, ದೆಲ್ಗಾದೊ ಪೀಠವನ್ನು ವಹಿಸಿಕೊಂಡರು. ರೋಮಿನ ಅನುಮತಿ ಬಂದಿರಲಿಲ್ಲ.

ಗ್ವಾಟೆಮಾಲದ ಮಹಾಧರ್ಮಾಧ್ಯಕ್ಷ ರಾಮೊನ್ ಕಾಸಾವುಸ್ ಇದನ್ನು ಅಸಿಂಧುವೆಂದು ಸಾರಿದರು. ಗುರುಗಳು ಎರಡು ಪಾಳಯವಾದರು. ಹೊಸ ಬಿಷಪರನ್ನು ಒಪ್ಪದ ಗುರುಗಳು ರಾಜ್ಯ ಬಿಟ್ಟು ಹೋಗಬೇಕಾಯಿತು. ಯಾರು ನೀಡಿದ ಪಾಪಕ್ಷಮೆ ಸಿಂಧು, ಯಾರು ನೆರವೇರಿಸಿದ ಮದುವೆ ಸಿಂಧು ಎಂಬ ಚಿಂತೆ ಪಾಮರ ಭಕ್ತರ ಪಾಲಿಗೆ ಬಂತು. ಇಂತಹ ಜಗಳಗಳಲ್ಲಿ ನಿಜವಾಗಿ ನೋಯುವವರು ಇವರೇ. 1826ರ ಡಿಸೆಂಬರ್ 1ರಂದು ಪೋಪ್ ಹನ್ನೆರಡನೇ ಲಿಯೊ ನೇರವಾಗಿ ದೆಲ್ಗಾದೊ ಅವರಿಗೆ ಪತ್ರ ಬರೆದು, ಪೀಠ ಬಿಡದಿದ್ದರೆ ಬಹಿಷ್ಕಾರವೆಂದು ಎಚ್ಚರಿಸಿದರು. ಅಷ್ಟರಲ್ಲಿ ಮಧ್ಯ ಅಮೇರಿಕ ಒಕ್ಕೂಟದಲ್ಲಿ ಅಂತರ್ಯುದ್ಧ ಆರಂಭವಾಗಿತ್ತು. ಅದರ ಕಿಡಿಗಳಲ್ಲಿ ಈ ಪೀಠದ ವಿವಾದವೂ ಒಂದು. ಒಕ್ಕೂಟದ ಅಧ್ಯಕ್ಷರಾಗಿದ್ದ ಅದೇ ಆರ್ಸೆ 1827ರಲ್ಲಿ ಸಾನ್ ಸಾಲ್ವಡಾರ್ ಮೇಲೆಯೇ ಸೈನ್ಯ ತಂದರು.

ನಮ್ಮ ಅಭಿಪ್ರಾಯದಲ್ಲಿ ದೆಲ್ಗಾದೊ ಇಲ್ಲಿ ಎಡವಿದರು. ರಾಜನ ಕೈಯಿಂದ ಬಿಡಿಸಿದ ಧರ್ಮಸಭೆಯನ್ನು ಶಾಸನ ಸಭೆಯ ಕೈಗೆ ಕೊಟ್ಟರೆ ಒಡೆಯ ಬದಲಾದನೇ ಹೊರತು ಬಿಡುಗಡೆಯಾಗಲಿಲ್ಲ. ಆದರೆ ಅವರ ಕಡೆಯ ಮಾತೂ ಇದೆ. ರೋಮ್ ಅಂದು ಅಮೇರಿಕದ ಹೊಸ ದೇಶಗಳನ್ನು ಮಾನ್ಯ ಮಾಡಿರಲಿಲ್ಲ. ಇದೇ ಪೋಪ್ 1824ರಲ್ಲಿ ಸ್ಪೇನಿನ ರಾಜನಿಗೆ ನಿಷ್ಠೆ ಬಯಸಿ ಪರಿಪತ್ರ ಹೊರಡಿಸಿದ್ದರು. ಅಧಿಕಾರದಲ್ಲಿರುವ ಯಾವುದೇ ಸರಕಾರದೊಡನೆ ವ್ಯವಹರಿಸಬಹುದೆಂಬ ಸ್ಪಷ್ಟ ನಿಲುವು ಬಂದದ್ದು 1831ರಲ್ಲಿ, ಹದಿನಾರನೇ ಗ್ರೆಗೊರಿಯವರಿಂದ. ಬಾಗಿಲೇ ತೆರೆಯದ ಮನೆಯ ಮುಂದೆ ಎಷ್ಟು ವರ್ಷ ನಿಲ್ಲುವುದು ಎಂದು ಆ ಗುರುಗಳಿಗೆ ಅನ್ನಿಸಿದ್ದರೆ ಅದು ಮನುಷ್ಯ ಸಹಜ.

ಬಿಷಪ್ ದೀಕ್ಷೆ ಅವರಿಗೆ ಎಂದೂ ದೊರೆಯಲಿಲ್ಲ. 1832ರ ನವೆಂಬರ್ 12ರಂದು ಸಾನ್ ಸಾಲ್ವಡಾರಿನಲ್ಲಿ ನಿಧನರಾದರು. ಎರಡೇ ತಿಂಗಳಲ್ಲಿ, 1833ರ ಜನವರಿಯಲ್ಲಿ, ಶಾಸನ ಸಭೆ ಅವರಿಗೆ ರಾಷ್ಟ್ರಪಿತ ಬಿರುದು ನೀಡಿತು. ಹತ್ತು ವರ್ಷಗಳ ನಂತರ, 1842ರ ಸಪ್ಟೆಂಬರ್ 28ರಂದು, ಪೋಪ್ ಗ್ರೆಗೊರಿಯವರು ಸಾನ್ ಸಾಲ್ವಡಾರ್ ಧರ್ಮಪ್ರಾಂತ್ಯವನ್ನು ವಿಧಿವತ್ತಾಗಿ ಸ್ಥಾಪಿಸಿದರು. ಮೊದಲ ಬಿಷಪ್ ಹೊರ್ಹೆ ವಿತೆರಿ ಸರಕಾರದೊಡನೆ ಕಾದಾಡಿ 1846ರಲ್ಲಿ ಗಡೀಪಾರಾದರು ಎಂಬುದು ಬೇರೆಯೇ ಕಥೆ.

ಇಂದು ಎಲ್ ಸಾಲ್ವಡಾರ್ ಅಧ್ಯಕ್ಷೀಯ ಗಣರಾಜ್ಯ. ಒಂದೇ ಸದನದ ಶಾಸನ ಸಭೆಯಲ್ಲಿ 2024ರಿಂದ 60 ಸದಸ್ಯರಿದ್ದಾರೆ. ನಡುವೆ ಕೈಬಿಟ್ಟಿದ್ದ ನೀಲಿ-ಬಿಳಿ ಧ್ವಜವನ್ನು 1912ರಲ್ಲಿ ಮತ್ತೆ ಎತ್ತಿಹಿಡಿಯಲಾಯಿತು. ನಡುವಿನ ಲಾಂಛನದಲ್ಲಿ ಐದು ಜ್ವಾಲಾಮುಖಿಗಳು, ಕಾಮನಬಿಲ್ಲು, 1821ರ ದಿನಾಂಕ, ಮತ್ತು ದೇವರು, ಐಕ್ಯತೆ, ಸ್ವಾತಂತ್ರ್ಯ ಎಂಬ ಮೂರು ಪದಗಳು. ರಾಜಧಾನಿಯ ಪಕ್ಕದ ಒಂದು ಪಟ್ಟಣಕ್ಕೂ ದೇಶದ ಉನ್ನತ ಪ್ರಶಸ್ತಿಗೂ ದೆಲ್ಗಾದೊ ಅವರದೇ ಹೆಸರು.

ಅವರ ಸಮಾಧಿ ಇರುವುದು ಸ್ವಾತಂತ್ರ್ಯ ಚೌಕದ ಎದುರಿನ ಜಪಮಾಲೆ ಮಾತೆಯ ಚರ್ಚಿನಲ್ಲಿ. ಅಲ್ಲಿಂದ ಸ್ವಲ್ಪ ದೂರ ನಡೆದರೆ ಮಹಾದೇವಾಲಯ. ಅದರ ನೆಲಮಾಳಿಗೆಯಲ್ಲಿ, ದೆಲ್ಗಾದೊ ಬಯಸಿದ ಅದೇ ಪೀಠದಲ್ಲಿ ಕುಳಿತು, 1980ರ ಮಾರ್ಚ್ 24ರಂದು ಬಲಿಪೂಜೆ ಅರ್ಪಿಸುತ್ತಿರುವಾಗಲೇ ಗುಂಡಿಗೆ ಬಲಿಯಾಗಿ, 2018ರಲ್ಲಿ ಸಂತರೆಂದು ಘೋಷಿತರಾದ ಮಹಾಧರ್ಮಾಧ್ಯಕ್ಷ ಒಸ್ಕರ್ ರೊಮೆರೊ ಅವರ ಸಮಾಧಿಯಿದೆ.