ತಪ್ಪನ್ನು ಮೊದಲೇ ಹೇಳಿದ ಗಡಿಯಾರ

ಕಳೆದ ತಿಂಗಳು ಫಿಸಿಕ್ಸ್ ಪ್ರಾಕ್ಟಿಕಲ್‌ನಲ್ಲಿ ನಾನೊಂದು ಕಳ್ಳತನ ಮಾಡಿದೆ. ಸರಳ ಲೋಲಕದ ಪ್ರಯೋಗ. ಗುರುತ್ವ ವೇಗೋತ್ಕರ್ಷ ನನಗೆ 9.5 ಬಂತು, ಪುಸ್ತಕದಲ್ಲಿ 9.8 ಇತ್ತು. ರಬ್ಬರ್ ತೆಗೆದುಕೊಂಡು 20 ಆಂದೋಲನಗಳ ಸಮಯದಲ್ಲಿ ಅರ್ಧ ಸೆಕೆಂಡು ಕಡಿಮೆ ಮಾಡಿದೆ. ಉತ್ತರ ಸರಿಹೋಯಿತು, ರೆಕಾರ್ಡಿಗೆ ಸಹಿಯೂ ಬಿತ್ತು.

ಆ ಭಾನುವಾರ ಕಡೂರಿನ ಮಾಮು ಮನೆಗೆ ಹೋಗಿದ್ದೆ. ಮಾಮು ಗಡಿಯಾರ ರಿಪೇರಿ ಮಾಡುವವರು, ಓದಿದ್ದು ಏಳನೇ ತರಗತಿ. ಅಂಗಡಿ ಮುಚ್ಚಿದ ಮೇಲೆ ಅವರಿಗೊಂದು ಹುಚ್ಚು. ಉಪಗ್ರಹಗಳಿಂದ ಸಮಯ ಹಿಡಿಯುವ ಬೆಂಕಿಪೊಟ್ಟಣದಷ್ಟು ದೊಡ್ಡ ರಿಸೀವರ್ ಅವರ ಕಿಟಕಿಯಲ್ಲಿದೆ. ಅದು ಸೆಕೆಂಡಿಗೊಂದು ಮಿಡಿತ ಕೊಡುತ್ತದೆ. ಪಕ್ಕದಲ್ಲಿ ಕ್ವಾರ್ಟ್ಜ್ ಹರಳಿನ ಆಸಿಲೇಟರ್ ಇದೆ. ಹರಳಿನ ಬಿಸಿ ಏರಿಳಿಯದಿರಲಿ ಎಂದು ಅದರೊಳಗೇ ಒಂದು ಪುಟ್ಟ ಹೀಟರ್ ಇದೆ. ಉಪಗ್ರಹದ ಮಿಡಿತ ಕ್ಷಣದಿಂದ ಕ್ಷಣಕ್ಕೆ ಚೂರು ನಡುಗುತ್ತದೆ, ಆದರೆ ದಿನಗಟ್ಟಲೆ ನೋಡಿದರೆ ದಾರಿ ತಪ್ಪುವುದಿಲ್ಲ. ಹರಳು ಕ್ಷಣಕ್ಷಣಕ್ಕೆ ಸ್ಥಿರ, ಆದರೆ ದಿನ ಕಳೆದಂತೆ ಜಾರುತ್ತದೆ. ಮಾಮು ಎರಡನ್ನೂ ಹೋಲಿಸಿ, ಹರಳು ಎಷ್ಟು ಜಾರಿತು ಎಂದು ಪ್ರತಿರಾತ್ರಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ತಪ್ಪನ್ನು ಇಷ್ಟು ಶ್ರದ್ಧೆಯಿಂದ ಯಾಕೆ ಬರೆದಿಡುತ್ತೀರಿ ಎಂದು ಕೇಳಿದೆ. ಅವರು ಜಾನ್ ಹ್ಯಾರಿಸನ್ ಎಂಬ ಬಡಗಿಯ ಕಥೆ ಶುರುಮಾಡಿದರು. ಉಳಿದದ್ದನ್ನು ಆಮೇಲೆ ನಾನೇ ಓದಿಕೊಂಡೆ.

ಹ್ಯಾರಿಸನ್ ಹುಟ್ಟಿದ್ದು 1693ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಶೈರಿನ ಫೌಲ್ಬಿ ಎಂಬ ಹಳ್ಳಿಯಲ್ಲಿ. ತಂದೆ ಬಡಗಿ, ಮಗನೂ ಅದೇ ಕೆಲಸ ಕಲಿತ. ಕಾಲೇಜು ಕಂಡವನಲ್ಲ. ಪಾದ್ರಿಯೊಬ್ಬರು ಓದಲು ಕೊಟ್ಟ ವಿಜ್ಞಾನದ ಉಪನ್ಯಾಸಗಳ ಪ್ರತಿಯನ್ನು ಪೂರ್ತಿ ಕೈಯಲ್ಲಿ ಬರೆದುಕೊಂಡು ಕಲಿತ. 20ರ ಆಸುಪಾಸಿನಲ್ಲಿ ಮಾಡಿದ ಮೊದಲ ಗಡಿಯಾರದ ಹಲ್ಲುಚಕ್ರಗಳೂ ಮರದವೇ.

ಆ ಕಾಲದ ದೊಡ್ಡ ಸಮಸ್ಯೆ ಸಮುದ್ರದ ಮೇಲೆ ರೇಖಾಂಶ ತಿಳಿಯುವುದು. ಇದನ್ನು ನಮ್ಮ ಊರುಗಳಿಂದಲೇ ಅರ್ಥ ಮಾಡಿಕೊಳ್ಳಬಹುದು. ಭೂಮಿ 4 ನಿಮಿಷಕ್ಕೆ ಒಂದು ಡಿಗ್ರಿ ತಿರುಗುತ್ತದೆ. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು. ಕಡೂರು ಇರುವುದು ಸುಮಾರು 76 ಡಿಗ್ರಿಯಲ್ಲಿ. ಹಾಗಾಗಿ ಸೂರ್ಯನ ಲೆಕ್ಕದಲ್ಲಿ ಕಡೂರು ನಮ್ಮ ಕೈಗಡಿಯಾರಕ್ಕಿಂತ ಸುಮಾರು 26 ನಿಮಿಷ ಹಿಂದೆ. ಅಜ್ಜಂಪುರದ ನೆತ್ತಿಗೆ ಬಂದ ಸೂರ್ಯ ತರೀಕೆರೆಯ ನೆತ್ತಿಗೆ ಬರಲು ಇನ್ನೂ ಮುಕ್ಕಾಲು ನಿಮಿಷ ಬೇಕು. ನಮಾಜಿನ ವೇಳಾಪಟ್ಟಿಯಲ್ಲಿ ಬೇರೆ ಊರಿಗೆ ಇಷ್ಟು ನಿಮಿಷ ಕೂಡಿಸಿ, ಇಷ್ಟು ಕಳೆಯಿರಿ ಎಂದು ಬರೆದಿರುವುದು ಇದಕ್ಕೇ. ಅಂದರೆ ಹೊರಟ ಊರಿನ ಸಮಯವನ್ನು ಹಡಗಿನಲ್ಲಿ ಕಾಪಾಡಿಕೊಂಡರೆ, ಅಲ್ಲಿನ ಸೂರ್ಯನ ಸಮಯದೊಂದಿಗೆ ಹೋಲಿಸಿ ಎಷ್ಟು ದೂರ ಬಂದಿದ್ದೇವೆಂದು ಹೇಳಬಹುದು. ಆದರೆ ಹಡಗಿನ ಓಲಾಟ, ಬಿಸಿಲು, ಚಳಿ ತಡೆದುಕೊಳ್ಳುವ ಗಡಿಯಾರ ಯಾರ ಬಳಿಯೂ ಇರಲಿಲ್ಲ. 1707ರಲ್ಲಿ ಸಿಲ್ಲಿ ದ್ವೀಪಗಳ ಬಳಿ ಇಂಗ್ಲೆಂಡಿನ ನಾಲ್ಕು ಯುದ್ಧನೌಕೆಗಳು ದಾರಿ ತಪ್ಪಿ ಬಂಡೆಗೆ ಬಡಿದು ಸಾವಿರಕ್ಕೂ ಹೆಚ್ಚು ಜನ ಸತ್ತರು. 1714ರಲ್ಲಿ ಅಲ್ಲಿನ ಸಂಸತ್ತು, ಅರ್ಧ ಡಿಗ್ರಿಯೊಳಗೆ ರೇಖಾಂಶ ತಿಳಿಸುವ ದಾರಿ ತೋರಿಸಿದವರಿಗೆ 20,000 ಪೌಂಡ್ ಬಹುಮಾನ ಸಾರಿತು.

ಹ್ಯಾರಿಸನ್ ಮೊದಲು ನೆಲದ ಮೇಲಿನ ಗಡಿಯಾರವನ್ನೇ ಸರಿಪಡಿಸಲು ಕುಳಿತ. ಬಿಸಿಗೆ ಲೋಲಕದ ಕಡ್ಡಿ ಉದ್ದವಾಗುತ್ತದೆ. ಉಕ್ಕಿನ ಕಡ್ಡಿಯಾದರೆ ಒಂದು ಡಿಗ್ರಿ ಸೆಲ್ಸಿಯಸ್‌ಗೆ ದಿನಕ್ಕೆ ಸುಮಾರು ಅರ್ಧ ಸೆಕೆಂಡು ಹಿಂದೆ ಬೀಳುತ್ತದೆ. ಹಿತ್ತಾಳೆ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಎರಡರ ಕಡ್ಡಿಗಳನ್ನೂ ಜೋಡಿಸಿ, ಒಂದರ ಹಿಗ್ಗು ಇನ್ನೊಂದರ ಹಿಗ್ಗನ್ನು ತಿನ್ನುವಂತೆ ಮಾಡಿದ. ಗಡಿಯಾರ ಸರಿಯಿದೆಯೇ ಎಂದು ನೋಡಲು ಅವನ ಹಳ್ಳಿಯಲ್ಲಿ ಇನ್ನೊಂದು ಒಳ್ಳೆಯ ಗಡಿಯಾರ ಎಲ್ಲಿತ್ತು? ಅವನು ತನ್ನ ಕಿಟಕಿಯ ಅಂಚಿಗೆ ಕಣ್ಣಿಟ್ಟು, ಪಕ್ಕದ ಮನೆಯ ಹೊಗೆಗೂಡಿನ ಹಿಂದೆ ನಕ್ಷತ್ರ ಮರೆಯಾಗುವ ಕ್ಷಣ ನೋಡುತ್ತಿದ್ದ. ಪ್ರತಿರಾತ್ರಿ ಅದೇ ನಕ್ಷತ್ರ 3 ನಿಮಿಷ 56 ಸೆಕೆಂಡು ಮೊದಲೇ ಮರೆಯಾಗಬೇಕು. ಅಷ್ಟಾಗದಿದ್ದರೆ ತಪ್ಪು ಗಡಿಯಾರದ್ದು. ಮಾಮುವಿನ ಕಿಟಕಿಯ ರಿಸೀವರ್ ಮಾಡುವುದೂ ಆ ಹೊಗೆಗೂಡಿನ ಕೆಲಸವನ್ನೇ.

ಸಮುದ್ರಕ್ಕೆಂದು ಮಾಡಿದ ಮೊದಲ ಗಡಿಯಾರ ಸುಮಾರು 34 ಕೆ.ಜಿ. ತೂಗುತ್ತಿತ್ತು. 1736ರಲ್ಲಿ ಅದನ್ನು ಲಿಸ್ಬನ್‌ಗೆ ಒಯ್ದರು. ವಾಪಸು ಬರುವಾಗ ಕಂಡ ದಡ ಯಾವುದೆಂದು ಹಡಗಿನವರು ತಪ್ಪಾಗಿ ಊಹಿಸಿದರು, ಹ್ಯಾರಿಸನ್ ಸರಿಯಾಗಿ ಹೇಳಿದ. ಅಲ್ಲಿಗೇ ಬಹುಮಾನ ಕೇಳಬಹುದಿತ್ತು. ಅವನು ಬದಲಾಗಿ ತನ್ನ ಯಂತ್ರದ ಕುಂದುಗಳನ್ನು ಹೇಳಿ, ಇನ್ನೊಂದು ಮಾಡಲು ಹಣ ಕೇಳಿದ. ಎರಡನೆಯದು ಮುಗಿಯಿತು. ಹಡಗು ತಿರುಗುವಾಗ ಅದರ ಲಯ ಕೆಡುತ್ತದೆಂದು ಅವನೇ ಕಂಡುಹಿಡಿದು, ಅದನ್ನು ಸಮುದ್ರಕ್ಕೇ ಕಳಿಸಲಿಲ್ಲ. ಮೂರನೆಯದಕ್ಕೆ ಸುಮಾರು 19 ವರ್ಷ ಸುರಿದ. ಅದೂ ತೃಪ್ತಿ ಕೊಡಲಿಲ್ಲ. ಕೊನೆಗೆ 1759ರಲ್ಲಿ ಮುಗಿಸಿದ್ದು ಅಂಗೈಗಿಂತ ಸ್ವಲ್ಪ ದೊಡ್ಡದಾದ, 13 ಸೆಂಟಿಮೀಟರ್ ಅಗಲದ ವಾಚು.

1761ರಲ್ಲಿ ಅವನ ಮಗ ವಿಲಿಯಂ ಆ ವಾಚನ್ನು ಜಮೈಕಾಗೆ ಒಯ್ದ. ಫಲಿತಾಂಶ ಅದ್ಭುತವಾಗಿತ್ತು. ಆದರೆ ದಿನಕ್ಕೆ ಎಷ್ಟು ಜಾರುತ್ತದೆಂದು ಮೊದಲೇ ಹೇಳಿರಲಿಲ್ಲವೆಂದು ರೇಖಾಂಶ ಮಂಡಳಿ ಒಪ್ಪಲಿಲ್ಲ. 1764ರಲ್ಲಿ ಬಾರ್ಬಡೋಸ್‌ಗೆ ಹೊರಡುವ ಮುನ್ನ ಹ್ಯಾರಿಸನ್ ಬರೆದುಕೊಟ್ಟ: ತನ್ನ ವಾಚು ದಿನಕ್ಕೆ ಸುಮಾರು ಒಂದು ಸೆಕೆಂಡು ಮುಂದೆ ಹೋಗುತ್ತದೆ. ಆ ಲೆಕ್ಕ ಕಳೆದು ನೋಡಿದಾಗ 47 ದಿನಗಳಲ್ಲಿ ಬಂದ ತಪ್ಪು 39 ಸೆಕೆಂಡು ಮಾತ್ರ. ಬಹುಮಾನಕ್ಕೆ ಬೇಕಾಗಿದ್ದಕ್ಕಿಂತ ಮೂರು ಪಟ್ಟು ಮೇಲು. ಆದರೂ ಗುಟ್ಟು ಬಿಚ್ಚಿಟ್ಟ ಮೇಲೆ ಅರ್ಧ ಹಣ ಮಾತ್ರ ಸಿಕ್ಕಿತು. ಉಳಿದದ್ದಕ್ಕೆ ವರ್ಷಗಟ್ಟಲೆ ಅಲೆದು, ರಾಜ ಮೂರನೇ ಜಾರ್ಜ್‌ನವರೆಗೆ ದೂರು ಹೋಗಿ, 1773ರಲ್ಲಿ ಸಂಸತ್ತು 8,750 ಪೌಂಡ್ ಕೊಟ್ಟಿತು. ಆಗ ಅವನಿಗೆ 80 ವರ್ಷ. ಅವನ ವಾಚಿನ ನಕಲೊಂದನ್ನು ಇಟ್ಟುಕೊಂಡು ಕ್ಯಾಪ್ಟನ್ ಕುಕ್ 1775ರಲ್ಲಿ ದಕ್ಷಿಣ ಸಮುದ್ರಗಳನ್ನು ಸುತ್ತಿ ಬಂದ. ಮರುವರ್ಷ, 1776ರ ಮಾರ್ಚ್ 24ರಂದು, ಹ್ಯಾರಿಸನ್ ಲಂಡನ್ನಿನಲ್ಲಿ ತೀರಿಕೊಂಡ.

ಇಂದು ನಮ್ಮ ಮೊಬೈಲ್ ದಾರಿ ತೋರಿಸುವುದು ಅದೇ ತತ್ವದಿಂದ. ಉಪಗ್ರಹದ ಪರಮಾಣು ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ ಬೆಳಕು 300 ಮೀಟರ್ ಓಡಿರುತ್ತದೆ. ಆ ಗಡಿಯಾರಗಳೂ ಜಾರುತ್ತವೆ. ನೆಲದ ಕೇಂದ್ರಗಳು ಅದನ್ನು ಅಳೆದು ತಿಳಿಸುತ್ತವೆ. ನಮ್ಮ ದೇಶದ ನಾವಿಕ್ ಉಪಗ್ರಹಗಳಿಗೆ ಅಂಥ ಕೇಂದ್ರ ಬೆಂಗಳೂರಿನ ಹತ್ತಿರ ಬ್ಯಾಲಾಳುವಿನಲ್ಲಿದೆ. ಪ್ರತಿ ಉಪಗ್ರಹವೂ ತನ್ನ ಸಮಯದ ಜೊತೆಗೆ, ತನ್ನ ಗಡಿಯಾರ ಎಷ್ಟು ತಪ್ಪಿದೆ ಎಂಬುದನ್ನೂ ಕಳಿಸುತ್ತಲೇ ಇರುತ್ತದೆ. ಹಾಗಾಗಿಯೇ ಅದನ್ನು ನಂಬಬಹುದು. ಮಾಮು ತಮ್ಮ ನೋಟ್‌ಬುಕ್ಕಿನಲ್ಲಿ ತಪ್ಪು ಬರೆದಿಡುವುದೂ ಇದಕ್ಕೇ ಎಂದು ನನಗೆ ಗೊತ್ತಾಯಿತು.

ಸೋಮವಾರ ಲ್ಯಾಬಿಗೆ ಹೋಗಿ ಸರ್‌ಗೆ ರಬ್ಬರಿನ ವಿಷಯ ಹೇಳಿದೆ. ಅವರು ಬೈಯಲಿಲ್ಲ. ಮತ್ತೊಮ್ಮೆ ಅಳೆ ಎಂದರು, ಅಷ್ಟೇ. ಅಳೆಯುವಾಗ ಕಂಡಿತು: ನಾನು ದಾರವನ್ನು ಗಂಟಿನವರೆಗೆ ಮಾತ್ರ ಅಳೆದಿದ್ದೆ. ಕೊಕ್ಕೆಯನ್ನೂ ಗುಂಡಿನ ತ್ರಿಜ್ಯವನ್ನೂ ಸೇರಿಸಿರಲಿಲ್ಲ. ಒಂದೂವರೆ ಸೆಂಟಿಮೀಟರ್ ಬಿಟ್ಟುಹೋಗಿತ್ತು. ನನ್ನ 9.5 ಆ ಮಾತನ್ನೇ ನನಗೆ ಹೇಳುತ್ತಿತ್ತು. ನಾನು ಅದನ್ನೇ ಅಳಿಸಿಬಿಟ್ಟಿದ್ದೆ. ಈಗ ರೆಕಾರ್ಡಿನಲ್ಲಿ ಎರಡೂ ಉತ್ತರಗಳಿವೆ, ಮೊದಲನೆಯದು ಯಾಕೆ ತಪ್ಪಿತು ಎಂಬ ಒಂದು ಸಾಲಿನ ಜೊತೆಗೆ.